ಹದಿನಾಲ್ಕು ಬಿ

ಗುರುವಾರ ರಾತ್ರಿಯೇ ಬೀಳುತ್ತಿತ್ತು.
ಎರಡು ದಾಟಿ ಹತ್ತು ನಿಮಿಷ, ಒಮ್ಮೊಮ್ಮೆ ಹನ್ನೊಂದು.
ಬೇರೆ ದಿನಗಳಲ್ಲಿ ಅದರಷ್ಟು ಸಾಧು ಯಂತ್ರ
ಫಲಜ್ ಅಲ್ ಕಬಾಯಿಲಿನಲ್ಲೇ ಇರಲಿಲ್ಲ.

ಮೊದಲು ಸೆಕೆಗೆ ಬೈದೆವು.
ಸೊಹಾರಿನ ಆಗಸ್ಟ್, ಗೋಡೆಯೂ ಬೆವರುತ್ತದೆ,
ಬಾಗಿಲ ಹಿಡಿ ಮುಟ್ಟಿದರೆ ಸಮುದ್ರ ಕೈಗೆ ಹತ್ತುತ್ತದೆ.
ಎರಡನೇ ಏಸಿ ಬಂತು. ಬಿತ್ತು.
ಮೆಮೊರಿ ಇಮ್ಮಡಿಯಾಯಿತು. ಬಿತ್ತು,
ಈ ಸಲ ತುಸು ನಿಧಾನಕ್ಕೆ, ಮರ್ಯಾದೆಯಿಂದ.
ರೋವೆನಾ ಅದರ ನೆತ್ತಿಗೊಂದು ಪುಟ್ಟ ಶಿಲುಬೆ ಅಂಟಿಸಿದಳು.
ಉಪ್ಪು ಮೆಣಸು ನಿವಾಳಿಸುವುದೊಂದು ಬಾಕಿ ಇತ್ತು.
ದುಬೈಯಿಂದ ಬಂದ ತಜ್ಞ ಒಂದು ಹಗಲು ಕೂತು
ಐದು ಕಪ್ಪು ಕರಕ್ ಚಹಾ ಕುಡಿದು
ಎಲ್ಲ ಸರಿಯಿದೆ ಎಂದು ಬರೆದು, ಬಿಲ್ಲು ಲಗತ್ತಿಸಿ ಹೋದ.
ಹಗಲಲ್ಲಿ ಎಲ್ಲ ಸರಿಯೇ ಇರುತ್ತದೆ.

ನಾಲ್ಕನೆಯ ಗುರುವಾರ ನಾನೇ ಕಾದು ಕೂತೆ.
ಮೊಸರನ್ನದ ಡಬ್ಬಿ, ಒಂದು ಸ್ವೆಟರು,
ಪರದೆಯ ಮೇಲೆ ಇರುವೆಸಾಲಿನ ಹಾಗೆ ಲಾಗು.
ಒಂದೂವರೆಗೆ ಹಾಜರಿ ಲೆಕ್ಕ ಬಂದು ಕೂರುತ್ತದೆ,
ಕ್ಯಾಂಪಿನ ಮೂರು ಸಾವಿರ ಜನ ಬಂದದ್ದು ಹೋದದ್ದು
ಏಳನೆಯ ಡೇಟಾ ಲೈಬ್ರರಿಗೆ ಬರೆಯುತ್ತದೆ.
ಎರಡೂ ಐದಕ್ಕೆ ಮೆಸ್ಸಿನ ಲೆಕ್ಕ.
ನಾಳೆಗೆ ಎಷ್ಟು ಅಕ್ಕಿ, ಎಷ್ಟು ಬೇಳೆ,
ಎಷ್ಟು ಮಂದಿಗೆ ಮೀನು.
ಅದಕ್ಕೂ ಏಳನೆಯದೇ.

ಯಾರೋ ಎಂದೋ, ಹೆಸರು ಅಳಿಸಿಹೋದವನು,
ಎರಡಕ್ಕೂ ಒಂದೇ ಜಾಗ ಬರೆದುಕೊಟ್ಟಿದ್ದ.
ತಪ್ಪೆನ್ನಲೂ ಬಾರದು.
ದಿನವೂ ಒಂದು ಎದ್ದು ಹೋದ ಮೇಲೆ ಇನ್ನೊಂದು ಬರುತ್ತಿತ್ತು,
ಹೊಂದಿಕೊಂಡು ಹೋಗುತ್ತಿತ್ತು.
ಗುರುವಾರ ಮಾತ್ರ ವಾರದ ಓವರ್‌ಟೈಮು ಕೂಡಬೇಕು,
ಹಾಜರಿ ಮುಗಿಸಿ ಏಳುವುದು ತಡ.
ಅಷ್ಟರಲ್ಲಿ ಮೆಸ್ಸು ಬಾಗಿಲಲ್ಲಿ.
ಅದರ ಕೈಯಲ್ಲಿ ಹೆಸರ ಪಟ್ಟಿ, ಇದರ ಕೈಯಲ್ಲಿ ಬೀಗ.
ನೀನು ಬಿಡು. ನೀನು ಕೊಡು.
ಕಾಯುತ್ತವೆ. ಹಿಂದೆ ಕಾಯುವವುಗಳ ಸಾಲು ಬೆಳೆಯುತ್ತದೆ.
ಫ್ಯಾನುಗಳ ಸದ್ದು ಏರಿ ಏರಿ,
ಎರಡೂ ಹತ್ತು. ಪರದೆ ಕಪ್ಪು.

ಒಂದು ಒರೆಗೆ ಎರಡು ಕತ್ತಿ ಎಂದು
ಗಾದೆ ಹೇಳಿ ಮಲಗಬಹುದಿತ್ತು.
ಮತ್ತೆ ಎಬ್ಬಿಸಿ, ಮೆಸ್ಸಿಗೆ ಎಂಟನೆಯ ಲೈಬ್ರರಿ ಕೊಟ್ಟು,
ಪಟ್ಟಿ ನಕಲಾಗುವುದನ್ನು ನೋಡುತ್ತಿದ್ದೆ, ಸುಮ್ಮನೆ.
ಓಡುವ ಸಾಲುಗಳಲ್ಲಿ ಕಣ್ಣು ತೊಡರಿತು:

ಬ್ಲಾಕ್ ಸಿ, ಕೋಣೆ ಮೂವತ್ತೊಂದು, ಮಂಚ ಹದಿನಾಲ್ಕು ಬಿ,
ಬಿಷ್ಣುದೇವ್ ಮಹತೊ, ಹಗಲು ಪಾಳಿ.
ಬ್ಲಾಕ್ ಸಿ, ಕೋಣೆ ಮೂವತ್ತೊಂದು, ಮಂಚ ಹದಿನಾಲ್ಕು ಬಿ,
ಕಬೀರುಲ್ ಮಂಡಲ್, ರಾತ್ರಿ ಪಾಳಿ.

ಪಾಳಿಯ ಕಾಲಂ ಬೇರೆ,
ಆದ್ದರಿಂದ ನಮ್ಮ ಪ್ರೋಗ್ರಾಮು ಅದನ್ನು ಹಿಡಿಯುವುದಿಲ್ಲ.
ಒಬ್ಬನ ಬೆನ್ನಿನ ಬಿಸಿ ಆರುವ ಮುಂಚೆ
ಇನ್ನೊಬ್ಬನ ಬೆನ್ನು.
ಶುಕ್ರವಾರ ಇಬ್ಬರಿಗೂ ರಜೆ.

ಕತ್ತಿಗೆ ನಿದ್ದೆ ಬರುವುದಿಲ್ಲವಲ್ಲ.

ಬೆಳಗಾದ ಮೇಲೆ ಸಿ ಬ್ಲಾಕಿಗೆ ಹೋದೆ,
ನನಗೇನು ಕೆಲಸ ಅಲ್ಲಿ, ಹೋದೆ.
ಮಂಚದಲ್ಲಿ ಒಬ್ಬ ಗೋಡೆಗೆ ಮುಖ ಮಾಡಿ.
ಹೊರಗೆ ನೀರಿನ ಟ್ಯಾಂಕಿನ ನೆರಳಲ್ಲಿ
ಬಿಡಿಸಿ ಹಾಸಿದ ಫ್ರಿಜ್ಜಿನ ರಟ್ಟಿನ ಮೇಲೆ ಇನ್ನೊಬ್ಬ,
ತಲೆಯಡಿ ಸೇಫ್ಟಿ ಬೂಟು.
ನೆರಳು ಸರಿದ ಹಾಗೆ ಅವನೂ ಸರಿಯುತ್ತಿದ್ದ,
ಎಚ್ಚರವಾಗದೆ.
ಮುಂದಿನ ವಾರ ಅವನಿಗೆ ಮಂಚ, ಎಂದ
ಅಲ್ಲೇ ಬಟ್ಟೆ ಹಿಂಡುತ್ತಿದ್ದವನು.

ಭಾನುವಾರ ಫಾರಂ ತುಂಬಿದೆ.
ಕಾರಣ: ಎರಡು ಕೆಲಸಕ್ಕೆ ಒಂದೇ ಲೈಬ್ರರಿ.
ಪರಿಹಾರ: ಒಂದು ಸಾಲು ಬದಲು.
ಖರ್ಚು: ಇಲ್ಲ. ಸಮಯ: ನಾಲ್ಕು ನಿಮಿಷ.
ಇಂಥದೇ ತೊಂದರೆ ಬೇರೆಲ್ಲಾದರೂ ಇದೆಯೆ?
ಹದಿನಾಲ್ಕು ಬಿ, ಎಂದು ಬರೆದೆ.

ಹೈತಂ ಅಲ್ ಮಕ್ಬಾಲಿ ಸಹಿಗೆ ಪೆನ್ನು ತೆಗೆದವನು
ಕನ್ನಡಕ ಏರಿಸಿ ಇನ್ನೊಮ್ಮೆ ಓದಿ,
ಅದು ಯಾವ ಸರ್ವರು, ಎಂದು ಕೇಳಿದ.