ತುದಿಯ ಮೇಲೆ ನಿಂತ ಚೌಕ

ಒಂದು ಗೇಣು, ಮೇಲೊಂದು ಬೆರಳು.
ಇದು ನನ್ನ ಅಳತೆ. ಆರ್‌ಟಿಒ ಸಾಹೇಬರದು
ಇನ್ನೂರೈವತ್ತು ಮಿಲಿಮೀಟರು. ಎರಡೂ ಒಂದೇ.
ಚೌಕವನ್ನು ಕೂರಿಸಬಾರದು, ಮೂಲೆಯ ಮೇಲೆ ನಿಲ್ಲಿಸಬೇಕು,
ಈಗ ಬಿತ್ತು ಆಗ ಬಿತ್ತು ಅನ್ನುವ ಹಾಗೆ.
ಎಡಕ್ಕೊಂದು, ಬಲಕ್ಕೊಂದು, ಹಿಂದಕ್ಕೊಂದು.
ಓದು ಬಾರದವನಿಗೂ ದೂರದಿಂದಲೇ ತಿಳಿಯಬೇಕು,
ಓಡಬೇಕೋ, ನಿಲ್ಲಬೇಕೋ,
ನೀರು ಹೊಯ್ಯಬೇಕೋ ಬೇಡವೋ.

ಹಾಸನದ ಬಿ.ಎಂ. ರಸ್ತೆಯಲ್ಲಿ ಗೌಸ್ ಆರ್ಟ್ಸ್ ಅಂದರೆ ನಾನೇ.
ಒಂದು ಕಾಲಕ್ಕೆ ಲಾರಿಗಳ ಬೆನ್ನಿಗೆ ಹದ್ದು ಬರೆದೆ, ತಾವರೆ ಬರೆದೆ,
ಹೊಟ್ಟೆಕಿಚ್ಚಿನವರಿಗೆ ಎರಡು ಸಾಲು ಬುದ್ಧಿವಾದ ಬರೆದೆ.
ಸ್ಟಿಕ್ಕರು ಬಂತು, ಹದ್ದು ಹಾರಿಹೋಯಿತು.
ಆದರೆ ಶಿರಾಡಿ ಇಳಿದು ಹತ್ತುವಷ್ಟರಲ್ಲಿ
ಸ್ಟಿಕ್ಕರಿನ ಅಂಚು ಸುಲಿಯುತ್ತದೆ, ಬಿಸಿಲಿಗೆ ಸುಟ್ಟ ಚರ್ಮದ ಹಾಗೆ.
ಬೆಂಕಿ ಮಾತ್ರ ನನ್ನ ಕುಂಚದಲ್ಲೇ ಉಳಿಯಿತು.

ಗ್ಯಾಸಿನ ಬುಲೆಟ್ಟಿಗೆ ಕೆಂಪು, ಕೆಳಮೂಲೆಯಲ್ಲಿ ಎರಡು.
ಪೆಟ್ರೋಲಿಗೂ ಕೆಂಪೇ, ಆದರೆ ಮೂರು.
ಸಾವಿರದ ಎಪ್ಪತ್ತೈದು, ಸಾವಿರದ ಇನ್ನೂರ ಮೂರು,
ಮಗ್ಗಿಯಂತೆ ಬಾಯಿಗೆ ಬರುತ್ತವೆ.
ಮಗಳು ಹುಟ್ಟಿದ ತಾರೀಖು ಮಾತ್ರ ಕೇಳಬೇಡಿ.
ಆಸಿಡ್ಡಿನದು ಕಷ್ಟ.
ಎರಡು ಗಾಜಿನ ಕೊಳವೆ, ತೊಟ್ಟಿಕ್ಕುವ ಹನಿ,
ಒಂದರ ಕೆಳಗೆ ಕಬ್ಬಿಣದ ಪಟ್ಟಿ, ಇನ್ನೊಂದರ ಕೆಳಗೆ ಕೈ.
ಯಾರ ಕೈ ಅಂತ ನಿಯಮದಲ್ಲಿಲ್ಲ.
ನನ್ನದನ್ನೇ ನೋಡಿ ಬರೆಯುತ್ತೇನೆ, ಎಡಗೈ.
ಬಲಗೈಗೆ ಕೆಲಸವಿರುತ್ತದಲ್ಲ.

ಮೊನ್ನೆ ಪಳನಿವೇಲು ಬಂದ, ನಾಮಕ್ಕಲ್ಲಿನವನು,
ಗ್ಯಾಸು ಇಳಿಸಿ ಮಂಗಳೂರಿಗೆ ಹೊರಟವನು.
"ಖಾಲಿ, ಭಾಯ್, ಬರೀ ತಗಡು.
ಇದರ ಮೇಲೆ ಬಿಳಿ ಹೊಡೆದುಬಿಡು.
ಈ ಬೆಂಕಿ ನೋಡಿ ದೋಣಿಗಾಲಿನ ಹೋಟೆಲಿನವನು
ಹತ್ತಿರ ನಿಲ್ಲಿಸೋಕೆ ಬಿಡಲ್ಲ. ಅರ್ಧ ಮೈಲಿ ನಡೆದು ಊಟ."
ಕುಂಚ ಅದ್ದಲಿಲ್ಲ ನಾನು.
ತೊಳೆಯುವ ತನಕ ಖಾಲಿ ಖಾಲಿಯಲ್ಲ ಮಾರಾಯ,
ತಳದಲ್ಲಿ ಉಳಿದ ಉಸಿರಿಗೆ ಒಂದು ಕಿಡಿ ಸಾಕು.
"ನೀನೇನು ಕಂಪನಿಯವನಾ?" ಅಂದ.
ಅಲ್ಲ. ಖೈರುನ್ನಿಸಾಳ ಗಂಡ.

ಅವಳು ಆಲೂಗಡ್ಡೆ ಕೋಲ್ಡ್ ಸ್ಟೋರೇಜಿನಲ್ಲಿ
ಬಿತ್ತನೆ ಗಡ್ಡೆ ಆರಿಸುತ್ತಿದ್ದಳು,
ಮೊಳೆತದ್ದು ಇತ್ತ, ಕೊಳೆತದ್ದು ಅತ್ತ.
ಗೋಡೆಯಾಚೆ ಅಮೋನಿಯಾ. ಸಾವಿರದ ಐದು.
ರಸ್ತೆಯಲ್ಲಿ ಬರುವಾಗ ಅದಕ್ಕೊಂದು ತಲೆಬುರುಡೆಯಿತ್ತು,
ನಾನೇ ಬರೆದದ್ದೂ ಇರಬಹುದು.
ಪೈಪು ಹೊಕ್ಕ ಮೇಲೆ ಮುಖವಿಲ್ಲ.
ವಾಲ್ವು ಸೀಳಿದ ದಿನ
ಯಾವ ಬಾಗಿಲೆಂದು ತಿಳಿಯದೆ ಹೆಂಗಸರೆಲ್ಲ
ಆ ಬಾಗಿಲಿಗೇ ಓಡಿದರು.
ಅದರ ಮೇಲೆ ಬರೆದಿದ್ದದ್ದು ಇಷ್ಟು:
ಚಪ್ಪಲಿ ಹೊರಗೆ ಬಿಡಿ.

ಎಂಟು ವರ್ಷ. ಡಾಕ್ಟರು ಎಕ್ಸ್‌ರೇ ಬೆಳಕಿಗೆ ಹಿಡಿದು
ಎದೆಯಲ್ಲಿ ಏನೂ ಇಲ್ಲ, ಎಲ್ಲ ಖಾಲಿ ಅನ್ನುತ್ತಾರೆ.
ರಾತ್ರಿ ಮೂರಕ್ಕೆ ಅವಳು ಎದ್ದು ಕೂರುತ್ತಾಳೆ, ಕೆಮ್ಮುತ್ತಾಳೆ,
ನಾನು ಬೆನ್ನು ನೀವುತ್ತೇನೆ, ಟರ್ಪೆಂಟೈನು ನಾರುವ ಕೈಯಿಂದಲೇ.
ಅಂಥ ಒಂದು ರಾತ್ರಿ ಡಬ್ಬ ಹಿಡಿದು ಹೋದೆ.
ಬಿಳಿ ನೆಲ, ಕಪ್ಪು ಬುರುಡೆ, ಅಡ್ಡ ಎರಡು ಮೂಳೆ.
ಬೀದಿದೀಪದಲ್ಲಿ ಗೆರೆ ಸ್ವಲ್ಪ ಸೊಟ್ಟಗಾಯಿತು.

ಬೆಳಿಗ್ಗೆ ಕಾವಲಿನ ಜವರಯ್ಯ ಸುಣ್ಣ ಹೊಡೆದ.
ಸುಣ್ಣ ಸುಣ್ಣವೇ, ಎನಾಮಲ್ಲು ಎನಾಮಲ್ಲೇ.
ಮಧ್ಯಾಹ್ನದ ಹೊತ್ತಿಗೆ ಎರಡು ಕಣ್ಣಿನ ಗುಳಿ ಮೇಲೆ ಬಂದವು.
ಮತ್ತೆ ಹೊಡೆದ. ಮತ್ತೆ ಬಂದವು.
ಮೂರನೆಯ ಸಲ ಬಕೆಟ್ಟು ಹಿಡಿದು
ಬಾಗಿಲ ಮುಂದೆ ಸುಮ್ಮನೆ ನಿಂತಿದ್ದನಂತೆ.
ಅವನ ಸೊಸೆ ಸೋಮವಾರದಿಂದ
ಅಲ್ಲೇ ಗಡ್ಡೆ ಆರಿಸಲು ಬರುತ್ತಿದ್ದಾಳೆ.