ನಲವತ್ತಮೂರು ಮನೆಗಳು

ಚೌಕಕ್ಕೆ ಚೌಕ ಅಂಟಿಸಿದ ಒಂದು ಸಾಲು.
ಕಪ್ಪು ಬಿದ್ದರೆ ಉಂಟು, ಬಿಳಿ ಉಳಿದರೆ ಇಲ್ಲ.
ಒಟ್ಟು ನಲವತ್ತಮೂರು ಮನೆ.
ಯಾಬೆಲೋದಿಂದ ಮಂಜುಗಡ್ಡೆಯ ಡಬ್ಬಿಯಲ್ಲಿ ಬಂದ
ಪ್ರತಿ ಕಫಕ್ಕೂ, ಪ್ರತಿ ಗಂಟಿಗೂ
ಇಲ್ಲಿ ನಾನು ಜಾತಕ ಬರೆಯುತ್ತೇನೆ.

ನಮ್ಮ ಬೊರಾನರಲ್ಲೂ ಇದ್ದಾರೆ ದಿನ ಎಣಿಸುವವರು,
ಚುಕ್ಕಿ ನೋಡಿ, ಇವತ್ತು ಹಟ್ಟಿ ಕೀಳಬೇಡಿ ಎನ್ನುವವರು.
ನನ್ನದು ಅವರದಕ್ಕಿಂತ ಸಣ್ಣ ಆಕಾಶ,
ಒಂದು ತೊಟ್ಟು ನೀರಿನಷ್ಟು.

ಹನ್ನೊಂದನೇ ಶೀಶೆ: ಹಲಕೆ, ಗಂಡಸು, ಅರವತ್ತೆರಡು, ನಾಲ್ಕು ತಿಂಗಳ ಕೆಮ್ಮು.
ಇಪ್ಪತ್ತಾರನೇ ಶೀಶೆ: ಹಸು, ಕೆಂಪು, ಕುತ್ತಿಗೆಯ ಗಂಟು.
ಹಾಳೆಯ ಮೇಲೆ ಹಾಳೆಯಿಟ್ಟು ಕಿಟಕಿಗೆ ಹಿಡಿದೆ.
ಕಪ್ಪಿನ ಮೇಲೆ ಕಪ್ಪು, ಖಾಲಿಯ ಮೇಲೆ ಖಾಲಿ.
ಮದುವೆಯ ಮಾತಾಗಿದ್ದರೆ
ಬೆಣ್ಣೆಯಲ್ಲಿ ಕಾಫಿಕಾಯಿ ಹುರಿಯಿರಿ ಅನ್ನುತ್ತಿದ್ದರು ಹಿರಿಯರು.

"ಹಸಿ ಹಾಲು ಕುಡಿದನೇ?" ಕೇಳಿದರು ಮೇಲಧಿಕಾರಿ.
ಎಲ್ಲರೂ ಮೊದಲು ಕೇಳುವುದು ಅದನ್ನೇ.
ಕುಡಿಯದೆ ಏನು? ಹುಟ್ಟಿದಾಗಿನಿಂದ.
ಆದರೆ ಈ ಸಾಲು ದನದ ವಂಶದ್ದಲ್ಲ, ನಮ್ಮದೇ ತಳಿ:
ಬಸ್ಸಿನಲ್ಲಿ, ಜೈಲಿನಲ್ಲಿ, ಸಂತೆಯ ಚಹದಂಗಡಿಯಲ್ಲಿ
ಎದೆಯಿಂದ ಎದೆಗೆ ಹತ್ತಿ ಇಳಿದು
ಊರು ತಲುಪಿದ್ದು.

ಆಗ ನೆನಪಾಯಿತು ಜಿಗಣೆ.
ಕೊಳದ ನೀರು ಕುಡಿದವಳ ಗಂಟಲಿಗೆ ಅದು ಕಚ್ಚಿಕೊಂಡರೆ
ಅಪ್ಪ ಹೊಗೆಸೊಪ್ಪು ಜಗಿಯುತ್ತಿದ್ದ, ಕಣ್ಣಲ್ಲಿ ನೀರಾಡುವವರೆಗೆ;
ಎಡಗೈಯಲ್ಲಿ ದವಡೆ ಅಗಲಿಸಿ
ಅವಳ ಬಾಯೊಳಗೆ ಉಗುಳುತ್ತಿದ್ದ.
ದೀಮ್ತು ಸೀನುವಳು. ಜಿಗಣೆ ಬೀಳುವುದು.
ಅಗಿದು ಮಗುವಿಗಿಟ್ಟ ತುತ್ತಿನ ಹಾಗೆ;
ಎಂಜಲು ಎಂಬ ಮಾತೇ ಹುಟ್ಟುತ್ತಿರಲಿಲ್ಲ ಅಲ್ಲಿ.

(ಹಲಕೆ ನನ್ನ ಅಪ್ಪ. ವರದಿಯಲ್ಲಿ ಅದಕ್ಕೆ ಕಾಲಂ ಇಲ್ಲ.)

ಸಂಜೆ ಫೋನು ಮಾಡಿದೆ.
ನಮ್ಮ ಕಡೆ ಮೊದಲು ಕ್ಷೇಮ ಕೇಳಬೇಕು, ಅದೂ ಸಾಲಾಗಿ:
ಜನ ಕ್ಷೇಮವೇ, ದನ ಕ್ಷೇಮವೇ, ಹುಲ್ಲು, ನೀರು?
ಬೆನ್ನ ಹಿಂದೆ ಬೇಲಿ ಉರಿಯುತ್ತಿದ್ದರೂ ಕ್ಷೇಮ ಎಂದೇ ಉತ್ತರ.
ಅಪ್ಪ ಎಲ್ಲಕ್ಕೂ ಕ್ಷೇಮ ಎಂದ, ನಡುವೆ ಎರಡು ಸಲ ಕೆಮ್ಮಿ.

ಆರು ತಿಂಗಳ ಮಾತ್ರೆ, ಒಂದು ದಿನವೂ ತಪ್ಪಬಾರದು ಎಂದೆ. ಸರಿ ಎಂದ.
ಹಾಲು ಕಾಯಿಸಿಯೇ ಕುಡಿ ಎಂದೆ. ನಕ್ಕ.
"ದೀಮ್ತುವಿಂದ ಬಂತು ಅಂತ ಅವಳನ್ನು ಮಾರಿಸಬೇಡ, ಡಾಕಿ."
ಅವಳು ಕೊಟ್ಟದ್ದಲ್ಲ, ಅಪ್ಪ.
"ಮತ್ತೆ?"

ನಾನು ಜಿಗಣೆಯ ಹೆಸರು ಹೇಳಿದೆ, ಅಷ್ಟೆ.

ಆ ತುದಿಯಲ್ಲಿ ಬಹಳ ಹೊತ್ತು
ಮರದ ಗಂಟೆಯೊಂದರ ಕೊಟ ಕೊಟ.
ಆಮೇಲೆ ಅಪ್ಪ:
"ಹಾಗಾದರೆ ಮಾತ್ರೆ ಇಬ್ಬರಿಗಾಗುವಷ್ಟು ಕಳಿಸು.
ಅವಳ ತೂಕ ನನ್ನ ಐದು ಪಟ್ಟು,
ಲೆಕ್ಕ ಹಾಕುವಾಗ ಮರೆಯಬೇಡ."