ಮುಟ್ಟಿ ನೋಡು

ಗುರುವಾರದ ಆಟಕ್ಕೆ ನಾನು ಕಣ್ಣು.
ಡಂಡೀ ಊರಿನ ರಂಗಮಂದಿರದ ಹಿಂಬದಿಯಲ್ಲಿ
ಗಾಜಿನ ಗೂಡೊಂದಿದೆ, ಒಬ್ಬರಿಗಷ್ಟೇ ಜಾಗ;
ಮೈಕು, ನೀರಿನ ಬಾಟಲಿ,
ಕೆಮ್ಮು ಬಂದರೆ ಒತ್ತಲು ಕೆಂಪು ಗುಂಡಿ.
ಹಗಲೆಲ್ಲ ಕನ್ನಡಕದಂಗಡಿಯಲ್ಲಿ ಗಾಜು ತಿಕ್ಕುವವಳು
ಸಂಜೆ, ಕಾಣದವರ ಕಿವಿಯೊಳಗೆ ಕೂತು
ಕಂಡದ್ದನ್ನು ಹೇಳುತ್ತೇನೆ.

ಕಂಡದ್ದನ್ನು ಮಾತ್ರ. ಅದು ಕಟ್ಟಳೆ.
ಅಳುತ್ತಿದ್ದಾಳೆ ಅನ್ನಬಾರದು,
ಕೆನ್ನೆ ಒದ್ದೆಯಾಗಿದೆ ಅನ್ನಬೇಕು.
ಮುಂದೇನೆಂದು ಗೊತ್ತಿದ್ದರೂ
ಗೊತ್ತಿಲ್ಲದವಳ ಹಾಗೆ ಇರಬೇಕು.

ಇವತ್ತು ಹೆಡ್‌ಫೋನು ತೊಟ್ಟವರು ಒಬ್ಬರೇ:
ಮೂರನೇ ಸಾಲಿನ ಐಲ್ಸಾ, ಎಂಬತ್ತಮೂರು ವರ್ಷ,
ಸೆಣಬಿನ ಗಿರಣಿಯಲ್ಲಿ ನೇಯ್ದವಳು.
ಮಗ್ಗಗಳ ಗದ್ದಲದಲ್ಲಿ ಮಾತು ಕೇಳದೆ
ತುಟಿ ನೋಡಿಯೇ ಹರಟುತ್ತಿದ್ದರಂತೆ ಹೆಂಗಸರು.
"ಯಾರ ಕಣ್ಣು ಯಾರ ಮೇಲೆ ಅಂತ
ಅವರಿಗಿಂತ ಮೊದಲು ನಮಗೆ ಗೊತ್ತಾಗುತ್ತಿತ್ತು ಕಣೇ."
ಕಿವಿಯನ್ನು ಗಿರಣಿ ತಿಂದಿತು, ಅರ್ಧ.
ಕಣ್ಣನ್ನು ಸಕ್ಕರೆ ಕಾಯಿಲೆ, ಪೂರ್ತಿ.

ನಾಟಕ ಹಳೆಯದು, ಕೊನೆ ಎಲ್ಲರಿಗೂ ಗೊತ್ತಿರುವಂಥದು.
ಕೂಡಬಾರದ ಇಬ್ಬರು. ದೀಪ ತುಂಬಿದ ಕೂಟ.
"ಹುಡುಗ ತಿರುಗುತ್ತಾನೆ. ಹುಡುಗಿ ತಲೆ ಎತ್ತುತ್ತಾಳೆ."
ಇಷ್ಟೇ ಹೇಳಿದೆ.
ಆಮೇಲೆ ಆ ಇಬ್ಬರಿಗೂ
ಆ ಕೂಟದಲ್ಲಿ ಬೇರೆ ಯಾರೂ ಕಾಣಲಿಲ್ಲ.
ಕಾಣದೆ ಹೋದದ್ದನ್ನು ಹೇಳಲು ಕಟ್ಟಳೆಯಲ್ಲಿ ಜಾಗವಿಲ್ಲ.
ಸುಮ್ಮನಿದ್ದೆ.
ಮೂರನೇ ಸಾಲಿನಲ್ಲಿ ಬಿಳಿಯ ತಲೆಯೊಂದು
ಹೌದೌದು ಎಂಬಂತೆ ಅಲ್ಲಾಡಿತು.

ಕೊನೆಯ ಅಂಕ. ಕಲ್ಲಿನ ಮಂಚ.
"ಹುಡುಗಿ ಕಣ್ಣು ಮುಚ್ಚಿದ್ದಾಳೆ" ಎಂದೆ ಇಂಗ್ಲಿಷಿನಲ್ಲಿ,
ಒಳಗೆ ಕನ್ನಡ ಬೆಚ್ಚಿತು.
ಕಣ್ಣು ಮುಚ್ಚಿದಳು ಅಂದರೆ ನಮ್ಮಲ್ಲಿ
ಮುಗಿಯಿತು, ನೆಂಟರಿಗೆ ಹೇಳಿಕಳಿಸಿ ಎಂದರ್ಥ.
ಆ ಹುಡುಗನೂ ಹಾಗೇ ಓದಿಕೊಂಡ.

ಪಾತ್ರಧಾರಿಣಿಗೆ ಎರಡು ದಿನದಿಂದ ನೆಗಡಿ.
ಹೊದಿಸಿದ ಬಟ್ಟೆ ಏರುತ್ತಿದೆ, ಇಳಿಯುತ್ತಿದೆ,
ಹತ್ತು ಮಾರು ದೂರದ ನನಗೆ ಕಾಣುತ್ತಿದೆ.
ಗೇಣು ದೂರದಲ್ಲಿ ಮಂಡಿಯೂರಿದವನು
ನೋಡಿದ, ನೋಡಿದ, ಕಣ್ತುಂಬ ನೋಡಿದ.
ತುಂಬಿ ಬಂದ ಕಣ್ಣಿಗೆ
ಕಾಣುವುದಾದರೂ ಏನು?

ನನ್ನ ನುಡಿಯಲ್ಲಿ ನೋಡುವುದು ಕಣ್ಣೊಂದರ ಕಸುಬಲ್ಲ.
ಸಾರಿನ ಉಪ್ಪು ನೋಡುತ್ತೇವೆ, ನಾಡಿ ನೋಡುತ್ತೇವೆ.
ಮೂಸಿ ನೋಡು, ಕೂಗಿ ನೋಡು,
ಏನೂ ತೋಚದಿದ್ದರೆ ಬೆಳಗಿನವರೆಗೆ ಕಾದು ನೋಡು.
ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು
ನನ್ನ ಸೋದರತ್ತೆ ಹಾಲಿನ ಲೆಕ್ಕಕ್ಕೂ ಹೇಳುತ್ತಿದ್ದಳು.
ಪಾಪ, ಅವನಿಗೆ ಬರೀ ಕಣ್ಣಿತ್ತು.

ಸೀಸೆ ತೆಗೆದ.
ನಾನು ಕೆಂಪು ಗುಂಡಿ ಒತ್ತಿದೆ,
ಮೈಕು ಸತ್ತಿತೆಂದುಕೊಂಡು
"ಮುಟ್ಟಿ ನೋಡೋ, ಮಂಕೇ!
ಮೂಗಿನ ಕೆಳಗೆ ಬೆರಳಿಟ್ಟು ನೋಡೋ!" ಅಂದೆ.
ಆಮೇಲೆ ಗಂಟಲು ಸರಿಮಾಡಿಕೊಂಡು, ಇಂಗ್ಲಿಷಿನಲ್ಲಿ:
"ಹುಡುಗ ಕುಡಿಯುತ್ತಾನೆ."

ಹೊರಗೆ ಟೇ ನದಿಯ ಗಾಳಿ
ಬಸ್ ನಿಲ್ದಾಣದ ತಗಡನ್ನು ಬಡಿಯುತ್ತಿತ್ತು.
ಐಲ್ಸಾ ನನ್ನ ತೋಳು ಹಿಡಿದಿದ್ದಳು.
"ಅವನು ಕುಡಿಯುವ ಮುಂಚೆ ಏನೋ ಅಂದೆಯಲ್ಲ,
ಏನದು?"
ಮೈಕು ಸತ್ತಿರಲಿಲ್ಲ.

ಅವಳ ಒಳ್ಳೆಯ ಕಿವಿಯ ಹತ್ತಿರ ಬಾಗಿ ಹೇಳಿಕೊಟ್ಟೆ.
ಒತ್ತಕ್ಷರ ಅವಳ ನಾಲಿಗೆಗೆ ಹೊರಳಲಿಲ್ಲ.
ಮುಟಿ, ಅಂದಳು. ಮೂಟಿ, ಅಂದಳು.
ಆಮೇಲೆ ಕೈಗವಸು ಕಳಚಿ
ನೂಲು ಕೊಯ್ದ ಹಳೆಯ ಗಾಯದ ಬೆರಳನ್ನು,
ತಣ್ಣಗಿನದನ್ನು,
ನನ್ನ ತುಟಿಯ ಮೇಲಿಟ್ಟಳು.
"ಇನ್ನೊಮ್ಮೆ ಹೇಳು."

ಇಪ್ಪತ್ತೆರಡನೇ ನಂಬರಿನ ಬಸ್ಸು ಬಂತು,
ಬಾಗಿಲು ತೆರೆದು
ಸ್ವಲ್ಪ ಕಾದು ನೋಡಿ
ಹೋಯಿತು.